ಇನ್‌ವರ್ಡ್ ನಂಬರಿನಿಂದ ಕಾರ್ಯವರದಿಯವರೆಗೆ: ಸಂಸದರ ಕಚೇರಿಯ ಟಪಾಲು ಮತ್ತು ದಾಖಲೆ

ಲೋಕಸಭಾ ಸದಸ್ಯರ ಕ್ಷೇತ್ರ ಕಚೇರಿಯಲ್ಲಿ ಜನರ ಅರ್ಜಿಗಳನ್ನು ಒಬ್ಬರು ನೋಡಿಕೊಳ್ಳುತ್ತಾರೆ, ವರ್ಷದ ಕೊನೆಗೆ ಅಚ್ಚಾಗುವ ಕಾರ್ಯವರದಿಯನ್ನು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರ ಕಾಗದಗಳೂ ಒಂದನ್ನೊಂದು ಮುಟ್ಟುವುದಿಲ್ಲ. ಹಾಗಾಗಿ ವರದಿಯಲ್ಲಿ ಫೋಟೊ ಹೆಚ್ಚು, ಉತ್ತರ ಕಡಿಮೆ. ನಾನು ಎರಡನ್ನೂ ಒಂದೇ ರಿಜಿಸ್ಟರಿನಿಂದ ನಡೆಸಿದೆ. ಅರ್ಜಿಗೆ ಮೊದಲ ದಿನ ಬಿದ್ದ ನಂಬರೇ ಸಚಿವರಿಗೆ ಹೋಗುವ ಪತ್ರದಲ್ಲಿ, ಸದನದಲ್ಲಿ ಕೇಳುವ ಪ್ರಶ್ನೆಯ ಕಡತದಲ್ಲಿ, ಕೊನೆಗೆ ವರದಿಯ ಸಾಲಿನಲ್ಲಿ ಇರಬೇಕು. ಈ ಒಂದು ನಿಯಮ ಪಾಲಿಸಿದರೆ ಉಳಿದ ಕೆಲಸ ಅರ್ಧ ಹಗುರವಾಗುತ್ತದೆ.

ರಿಜಿಸ್ಟರಿಗೆ ಹತ್ತು ಕಾಲಂ ಸಾಕು: ಇನ್‌ವರ್ಡ್ ನಂಬರ್, ಬಂದ ದಿನಾಂಕ, ಹೆಸರು ಮತ್ತು ಫೋನ್, ಊರು, ವಿಧಾನಸಭಾ ಕ್ಷೇತ್ರ, ಒಂದೇ ಸಾಲಿನಲ್ಲಿ ವಿಷಯ, ಯಾರ ವ್ಯಾಪ್ತಿ, ರವಾನೆ ದಿನಾಂಕ, ಉತ್ತರ ಬಂದ ದಿನಾಂಕ, ಅರ್ಜಿದಾರರಿಗೆ ತಿಳಿಸಿದ ದಿನಾಂಕ. ಇದನ್ನು ಎಕ್ಸೆಲ್‌ನಲ್ಲಿ ಇಟ್ಟರೂ ಸರಿ, ಪುಸ್ತಕದಲ್ಲಿ ಇಟ್ಟರೂ ಸರಿ. ಆದರೆ ಹತ್ತನೆಯ ಕಾಲಂ ಬಿಡಬಾರದು. ದೆಹಲಿಯಿಂದ ಬಂದ ಉತ್ತರ ಫೈಲಿನಲ್ಲೇ ಕುಳಿತು, ಬರೆದವರಿಗೆ ಆರು ತಿಂಗಳಾದರೂ ಗೊತ್ತಾಗದಿರುವುದೇ ಇಂಥ ಕಚೇರಿಗಳ ದೊಡ್ಡ ಸೋಲು. ವಿಧಾನಸಭಾ ಕ್ಷೇತ್ರದ ಕಾಲಂ ಕೂಡ ಸುಮ್ಮನೆ ಇಟ್ಟಿದ್ದಲ್ಲ. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಪ್ರತಿಯೊಂದಕ್ಕೂ ಎಂಟೆಂಟು ವಿಧಾನಸಭಾ ಕ್ಷೇತ್ರಗಳು. ಮೂರು ತಿಂಗಳಿಗೊಮ್ಮೆ ಎಂಟರ ಲೆಕ್ಕ ತೆಗೆದರೆ, ಕಚೇರಿ ಇರುವ ಊರಿನ ಸುತ್ತಲಿನ ಎರಡು ಕ್ಷೇತ್ರಗಳಿಂದಲೇ ಅರ್ಜಿಗಳ ರಾಶಿ ಬಂದಿರುತ್ತದೆ. ದೂರದ ತಾಲ್ಲೂಕಿನಲ್ಲಿ ತೊಂದರೆ ಇಲ್ಲವೆಂದು ಅದರ ಅರ್ಥವಲ್ಲ, ಅಲ್ಲಿಂದ ಬಸ್ಸಿಗೆ ದುಡ್ಡು ಕೊಟ್ಟು ಬರುವುದು ಕಷ್ಟ ಎಂದು ಅರ್ಥ. ಅಲ್ಲಿಗೇ ಹೋಗಿ ತಿಂಗಳಿಗೊಂದು ದಿನ ಅರ್ಜಿ ತೆಗೆದುಕೊಳ್ಳುವ ಏರ್ಪಾಡು ಮಾಡಬೇಕು.

ವಿಂಗಡಣೆ ಅರ್ಜಿ ಬಂದ ದಿನವೇ ಆಗಬೇಕು. ಪಹಣಿ ತಿದ್ದುಪಡಿ, ಪಡಿತರ ಚೀಟಿ, ಪೊಲೀಸ್ ಠಾಣೆಯ ದೂರು, ಪಂಚಾಯಿತಿ ನಲ್ಲಿ ಇವು ರಾಜ್ಯದ್ದು ಅಥವಾ ಸ್ಥಳೀಯ ಸಂಸ್ಥೆಯದ್ದು. ರೈಲು, ರಾಷ್ಟ್ರೀಯ ಹೆದ್ದಾರಿ, ಅಂಚೆ, ಭವಿಷ್ಯನಿಧಿ, ಪಾಸ್‌ಪೋರ್ಟ್, ರಾಷ್ಟ್ರೀಕೃತ ಬ್ಯಾಂಕು ಇವು ಕೇಂದ್ರದ್ದು. ರಾಜ್ಯದ ವಿಷಯವನ್ನು ಕೇಂದ್ರ ಸಚಿವರಿಗೆ ಬರೆದರೆ ಅದು ರಾಜ್ಯಕ್ಕೇ ವಾಪಸ್ ರವಾನೆಯಾಗುತ್ತದೆ, ಎರಡು ತಿಂಗಳು ನಷ್ಟ. ಅಂಥದ್ದನ್ನು ನೇರವಾಗಿ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಕಳಿಸಿ, ಅರ್ಜಿದಾರರಿಗೆ ಹಿಂಬರಹ (ಲಿಖಿತ ಉತ್ತರ) ಕೊಡುವಂತೆ ಪತ್ರದಲ್ಲೇ ಕೇಳಬೇಕು. ಆಗದ್ದನ್ನು ಆಗದು ಎಂದು ಅಂದೇ ಹೇಳುವುದು ಉಪಕಾರ. ಕೇಂದ್ರೀಯ ವಿದ್ಯಾಲಯದ ಸಂಸದರ ಕೋಟಾ 2022ರ ಏಪ್ರಿಲ್‌ನಲ್ಲೇ ರದ್ದಾಗಿದೆ. ಆದರೂ ಸೀಟು ಕೇಳಿಕೊಂಡು ತಂದೆತಾಯಿ ಬರುತ್ತಾರೆ. ‘ನೋಡೋಣ’ ಎಂದು ಕಳಿಸಿದರೆ ಆ ಮಗುವಿನ ಬೇರೆ ಶಾಲೆಯ ದಿನಾಂಕವೂ ದಾಟಿಹೋಗುತ್ತದೆ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಿಂದ ಚಿಕಿತ್ಸೆಗೆ ನೆರವು ಕೇಳುವವರಿಗೂ ಮೊದಲು ಒಂದು ಮಾತು ತಿಳಿಸಬೇಕು: ಈಗಾಗಲೇ ಕಟ್ಟಿದ ಬಿಲ್ಲಿಗೆ ಹಣ ಬರುವುದಿಲ್ಲ. ಆಸ್ಪತ್ರೆಯ ಅಂದಾಜು ವೆಚ್ಚದ ಮೂಲ ಪ್ರತಿ, ಆದಾಯ ಪ್ರಮಾಣಪತ್ರ, ವಾಸದ ದಾಖಲೆ, ಫೋಟೊ ಇವಿಷ್ಟನ್ನೂ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಳಿಸಬೇಕು. ಈ ಅರ್ಜಿಗಳಿಗೆ ಬೇರೆ ಬಣ್ಣದ ಫೋಲ್ಡರ್ ಇಟ್ಟು ಅದೇ ದಿನ ರವಾನಿಸುತ್ತಿದ್ದೆವು.

ಸಚಿವರಿಗೆ ಬರೆಯುವಾಗ ಒಂದು ಪತ್ರದಲ್ಲಿ ಒಂದೇ ವಿಷಯ. ರೈಲು ನಿಲುಗಡೆ, ಹೆದ್ದಾರಿ ಕೆಳಸೇತುವೆ, ಅಂಚೆ ಕಚೇರಿ ಮೂರನ್ನೂ ಒಂದರಲ್ಲೇ ಬರೆದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರುತ್ತದೆ. ರೈಲ್ವೆಯಲ್ಲಿ ವಲಯ ತಪ್ಪುವುದು ನಿತ್ಯದ ಸಂಗತಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ ನಿಜ, ಆದರೆ ಕರ್ನಾಟಕದ ಎಲ್ಲ ನಿಲ್ದಾಣಗಳೂ ಅದರ ಕೈಯಲ್ಲಿಲ್ಲ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ, ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಉಡುಪಿ ಕೊಂಕಣ ರೈಲ್ವೆಯಲ್ಲಿ. ನಿಲುಗಡೆ ಕೇಳುವ ಪತ್ರಕ್ಕೆ ರೈಲಿನ ನಂಬರ್, ಈಗ ಆ ನಿಲ್ದಾಣ ದಾಟುವ ಸಮಯ, ಹಿಂದಿನ ಮತ್ತು ಮುಂದಿನ ನಿಲುಗಡೆಗಳಿಗೆ ಇರುವ ದೂರ, ನಿಲ್ದಾಣದ ಟಿಕೆಟ್ ಮಾರಾಟದ ಅಂಕಿ ಸೇರಿಸಬೇಕು. ಅಂಕಿ ಇಲ್ಲದ ಪತ್ರಕ್ಕೆ ‘ಕಾರ್ಯಸಾಧ್ಯವಲ್ಲ’ ಎಂಬ ಎರಡು ಸಾಲು ಬರುತ್ತದೆ, ಅದನ್ನು ಪ್ರಶ್ನಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸಂಸದರ ಪತ್ರ ತಲುಪಿದ 15 ದಿನಗಳೊಳಗೆ ಸ್ವೀಕೃತಿ, ಅದರ ಮುಂದಿನ 15 ದಿನಗಳೊಳಗೆ ಉತ್ತರ ಕೊಡಬೇಕೆಂದು ಕೇಂದ್ರ ಸರ್ಕಾರದ ಕಚೇರಿ ಕಾರ್ಯವಿಧಾನವೇ ಹೇಳುತ್ತದೆ. ಆದ್ದರಿಂದ ನಮ್ಮ ಮೊದಲ ಜ್ಞಾಪನ ಪತ್ರ 35ನೇ ದಿನಕ್ಕೆ, ಹಳೆಯ ಪತ್ರದ ನಂಬರ್ ಮತ್ತು ಪ್ರತಿಯೊಂದಿಗೆ. ಪ್ರತಿ ಇಲ್ಲದ ಜ್ಞಾಪನ ಹೊಸ ಪತ್ರವೆಂದು ದಾಖಲಾಗಿ, ದಿನಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಒಂದೇ ವಿಷಯಕ್ಕೆ ಎರಡಕ್ಕಿಂತ ಹೆಚ್ಚು ವಿಧಾನಸಭಾ ಕ್ಷೇತ್ರಗಳಿಂದ ಅರ್ಜಿ ಬಂದಿದ್ದರೆ, ಅಥವಾ ಪತ್ರಕ್ಕೆ ಎರಡು ಜ್ಞಾಪನದ ನಂತರವೂ ಉತ್ತರ ಬಾರದಿದ್ದರೆ, ಅದನ್ನು ಸದನದ ಪ್ರಶ್ನೆಗೆ ಎತ್ತಿಡುತ್ತಿದ್ದೆವು. ಪ್ರಶ್ನೆಯ ನೋಟಿಸು ಉತ್ತರದ ದಿನಕ್ಕಿಂತ ಕನಿಷ್ಠ 15 ಪೂರ್ಣ ದಿನ ಮುಂಚೆ ಲೋಕಸಭೆಗೆ ತಲುಪಬೇಕು. ಉತ್ತರಿಸಲು ಪ್ರತಿ ಸಚಿವಾಲಯಕ್ಕೂ ವಾರದಲ್ಲಿ ಒಂದು ನಿಗದಿತ ದಿನ, ಅದರ ಪಟ್ಟಿ ಅಧಿವೇಶನಕ್ಕೆ ಮೊದಲೇ ಬರುತ್ತದೆ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹಿಂದಕ್ಕೆ ಎಣಿಸಿ ಕರಡಿನ ದಿನ ಗುರುತಿಸಿಕೊಳ್ಳಬೇಕು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಗುರುತಿಲ್ಲದ್ದು 230. ಮೊದಲನೆಯದಕ್ಕೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಎರಡನೆಯದಕ್ಕೆ ಲಿಖಿತ ಉತ್ತರ. ಆಯ್ಕೆ ಚೀಟಿ ಎತ್ತಿ ಆಗುವುದರಿಂದ ಚುಕ್ಕೆ ಪ್ರಶ್ನೆಯನ್ನೇ ನೆಚ್ಚಿಕೊಂಡು ಕೂರಲಾಗದು. ನನ್ನ ಅಭಿಪ್ರಾಯದಲ್ಲಿ ಕ್ಷೇತ್ರದ ಕೆಲಸಕ್ಕೆ ಲಿಖಿತ ಉತ್ತರವೇ ಹೆಚ್ಚು ಉಪಯೋಗ. ಅಂಕಿ, ಅನುಬಂಧ, ದಿನಾಂಕ ಎಲ್ಲವೂ ಕಾಗದದ ಮೇಲೆ ಸಿಗುತ್ತವೆ.

ಕರಡು ಬರೆಯುವುದು ನಿಜವಾದ ಕಸುಬು. ಪ್ರಶ್ನೆ 150 ಪದ ಮೀರಬಾರದು. ಅದರಲ್ಲಿ ವಾದ, ಆರೋಪ, ಅಭಿಪ್ರಾಯ ಇದ್ದರೆ ತಿರಸ್ಕೃತವಾಗುತ್ತದೆ. ಮುಖ್ಯವಾಗಿ ರಾಜ್ಯಕ್ಕೆ ಸೇರಿದ ವಿಷಯವೂ ಹಾಗೆಯೇ. ‘ನಮ್ಮ ಜಿಲ್ಲೆಯ ಹೆದ್ದಾರಿ ಕಾಮಗಾರಿ ಏಕೆ ಇಷ್ಟು ನಿಧಾನ?’ ಎಂದು ಕೇಳಿದರೆ ‘ಭೂಸ್ವಾಧೀನ ಮುಂತಾದ ಕಾರಣಗಳಿಂದ’ ಎಂಬ ಉತ್ತರ ಬರುತ್ತದೆ. ಅದರ ಬದಲು ಹೆದ್ದಾರಿಯ ಸಂಖ್ಯೆ, ಕಿಲೋಮೀಟರಿನಿಂದ ಕಿಲೋಮೀಟರು, ಕರಾರಿನ ಪ್ರಕಾರ ಮುಗಿಯಬೇಕಿದ್ದ ದಿನಾಂಕ, ಈವರೆಗೆ ಆದ ಶೇಕಡಾವಾರು ಕೆಲಸ, ಬಾಕಿ ಇರುವ ಭೂಮಿ ಎಷ್ಟು ಹೆಕ್ಟೇರ್, ಗುತ್ತಿಗೆದಾರರಿಗೆ ವಿಧಿಸಿದ ದಂಡ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಬೇಕು. ಪ್ರತಿ ಉಪಭಾಗಕ್ಕೂ ಒಂದು ಅಂಕಿಯೋ ಒಂದು ದಿನಾಂಕವೋ ಮಾತ್ರ ಉತ್ತರವಾಗುವಂತೆ ಇದ್ದರೆ ಜಾರಿಕೊಳ್ಳುವುದು ಕಷ್ಟ.

ಪ್ರಶ್ನೆ ಕಳಿಸಿದ ಕೂಡಲೇ ಅದರ ಫೋಟೊ ಫೇಸ್‌ಬುಕ್‌ಗೆ ಹಾಕುವ ಆತುರ ಬೇಡ. ಸದನದಲ್ಲಿ ಉತ್ತರ ಬರುವ ದಿನದವರೆಗೆ ಪ್ರಶ್ನೆಯ ನೋಟಿಸಿಗೆ ಪ್ರಚಾರ ಕೊಡುವಂತಿಲ್ಲ ಎಂದು ಲೋಕಸಭೆಯ ನಿಯಮವೇ ಇದೆ. ಉತ್ತರವೂ ಸದನದ ಮುಂದೆ ಬರುವ ಮೊದಲು ಹೊರಬೀಳಬಾರದು. ಭಾಷಣದ ವಿಡಿಯೊ ತುಣುಕು ಹಾಕುವಾಗಲೂ, ಸ್ಪೀಕರ್ ಸದನದ ಕಡತದಿಂದ ತೆಗೆಸಿದ ಮಾತು ಅದರಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಹಕ್ಕುಚ್ಯುತಿಯ (ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ) ನೋಟಿಸು ಬಂದರೆ ಉತ್ತರಿಸಬೇಕಾದವರು ಸಂಸದರು, ವಿಡಿಯೊ ಹಾಕಿದ ಹುಡುಗನಲ್ಲ.

ಉತ್ತರ ಬಂದ ಮೇಲೆ ಅದನ್ನು ಓದುವುದಕ್ಕೂ ಅಭ್ಯಾಸ ಬೇಕು. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂಬ ಮಾತುಗಳನ್ನು ಕಂಡು ಬೇಸರಪಟ್ಟು ಫೈಲು ಮುಚ್ಚಬೇಡಿ. ಇಂಥ ಮಾತುಗಳನ್ನು ಸರ್ಕಾರದ ಭರವಸೆ ಎಂದು ಪರಿಗಣಿಸುತ್ತಾರೆ. ಅದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿ ಇದೆ. ರಿಜಿಸ್ಟರಿನಲ್ಲಿ ಆ ಸಾಲಿಗೆ ಕೆಂಪು ಗುರುತು ಹಾಕಿ, ಮೂರು ತಿಂಗಳ ದಿನಾಂಕ ಬರೆದಿಡಬೇಕು. ಬಹಳ ಕಚೇರಿಗಳು ಕೈಬಿಡುವುದು ಇಲ್ಲೇ.

ಇನ್ನು ಕಾರ್ಯವರದಿಯ ಅಂಕಿಗಳು. ಜನ ಮೊದಲು ನೋಡುವುದು ಹಾಜರಾತಿ. ಅದು ಆ ದಿನ ಹಾಜರಿ ಹಾಕಿದ್ದಾರೆಯೇ ಎಂಬುದನ್ನಷ್ಟೇ ಹೇಳುತ್ತದೆ, ಸದನದಲ್ಲಿ ಎಷ್ಟು ಹೊತ್ತು ಕುಳಿತಿದ್ದರು ಎಂಬುದನ್ನಲ್ಲ. ಸಚಿವರು, ಸ್ಪೀಕರ್, ವಿರೋಧಪಕ್ಷದ ನಾಯಕರು ಹಾಜರಿ ಹಾಕುವುದಿಲ್ಲ. ಅವರ ಹೆಸರಿನ ಮುಂದೆ ಸೊನ್ನೆ ಕಂಡು ಗೈರುಹಾಜರಿ ಎಂದು ಬರೆಯುವ ತಪ್ಪು ಪತ್ರಿಕೆಗಳಲ್ಲೂ ಕಾಣುತ್ತದೆ. ಸಚಿವರು ಪ್ರಶ್ನೆಯನ್ನೂ ಕೇಳುವುದಿಲ್ಲ, ಉತ್ತರಿಸುತ್ತಾರೆ. ಅವಧಿಯ ನಡುವೆ ಸಚಿವರಾದವರ ಅಂಕಿಯನ್ನು ಎರಡು ಭಾಗ ಮಾಡಿ ಕೊಡಬೇಕು. ಪ್ರಶ್ನೆಗಳ ಸಂಖ್ಯೆಯಲ್ಲೂ ಒಂದು ಗುಟ್ಟಿದೆ: ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಹಲವು ಸದಸ್ಯರ ಹೆಸರಿನಲ್ಲಿ ಒಂದೇ ಉತ್ತರ ಕೊಡುತ್ತಾರೆ. ಅಂಥದ್ದನ್ನು ‘ಜಂಟಿ’ ಎಂದು ಗುರುತಿಸಿಯೇ ಎಣಿಸುತ್ತಿದ್ದೆವು. ನಿಯಮ 377ರ ಅಡಿ, ಅಂದರೆ ಪ್ರಶ್ನೆಯ ರೂಪದಲ್ಲಲ್ಲದೆ ಸದಸ್ಯರು ಸದನದ ಗಮನಕ್ಕೆ ತರುವ ವಿಷಯಗಳಲ್ಲಿ ನಿಜವಾಗಿ ಓದಿದ್ದು ಎಷ್ಟು, ಓದದೆ ಮಂಡಿಸಿದ್ದೆಂದು ಪರಿಗಣಿಸಿದ್ದು ಎಷ್ಟು ಎಂಬುದನ್ನೂ ಬೇರೆ ಮಾಡಬೇಕು. ಇದರಿಂದ ನಮ್ಮ ಸಂಖ್ಯೆ ಕುಗ್ಗುತ್ತದೆ, ಆದರೆ ಯಾರಾದರೂ ದಾಖಲೆ ತೆಗೆದು ಹೋಲಿಸಿದರೆ ಒಂದೂ ಸುಳ್ಳಾಗುವುದಿಲ್ಲ.

ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂದು ಕೇಳುವವರು ಕಡಿಮೆ, ಕೇಳಿದವರಿಗೆ ಉತ್ತರ ಕೊಡುವುದೂ ಸುಲಭವಲ್ಲ. ಬಹುತೇಕ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ, ಅಲ್ಲಿ ಹೆಸರು ದಾಖಲಾಗುವುದಿಲ್ಲ. ಮತವಿಭಜನೆ ನಡೆದಾಗ ಮಾತ್ರ ಹೆಸರು ಹೆಸರಾಗಿ ಸಿಗುತ್ತದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಮತವಿಭಜನೆ ಇದ್ದೇ ಇರುತ್ತದೆ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454–2 ಮತಗಳಿಂದ ಅಂಗೀಕಾರವಾಯಿತು. ಅದರ ಪಟ್ಟಿಯಲ್ಲಿ ನಿಮ್ಮ ಸಂಸದರ ಹೆಸರು ಹುಡುಕಬಹುದು. 1985ರ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ವಿಪ್ (ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಆದ್ದರಿಂದ ಮತಕ್ಕಿಂತ, ಆ ಮಸೂದೆಯ ಚರ್ಚೆಯಲ್ಲಿ ಏನು ಹೇಳಿದರು, ಯಾವ ತಿದ್ದುಪಡಿ ಸೂಚಿಸಿದರು ಎಂಬುದೇ ವರದಿಗೆ ಹೆಚ್ಚು ಅರ್ಥ ಕೊಡುತ್ತದೆ. ಸಚಿವಾಲಯಗಳ ಕೆಲಸ ಪರಿಶೀಲಿಸುವ ಸಂಸದರ ಸ್ಥಾಯಿ ಸಮಿತಿಯ ಸಭೆಗಳು ಬಾಗಿಲು ಮುಚ್ಚಿ ನಡೆಯುತ್ತವೆ, ಆದರೂ ಅವುಗಳ ವರದಿಯ ಕೊನೆಯಲ್ಲಿ ನಡಾವಳಿ ಇರುತ್ತದೆ. ಯಾವ ಸಭೆಗೆ ಯಾರು ಬಂದಿದ್ದರು ಎಂದು ಅಲ್ಲಿಂದ ಎತ್ತಿಕೊಳ್ಳಬಹುದು.

ಕನ್ನಡದಲ್ಲಿ ಮಾತಾಡುವ ಸಂಸದರಿದ್ದರೆ ಒಂದು ಎಚ್ಚರಿಕೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಈಗ ಕನ್ನಡಕ್ಕೆ ಅನುವಾದಕರ ವ್ಯವಸ್ಥೆ ಇದೆ. ಮೊದಲೇ ತಿಳಿಸಿ, ಮಾತಿನ ಪ್ರತಿಯೊಂದನ್ನು ಕೊಟ್ಟರೆ ಅಂಕಿ, ಊರ ಹೆಸರುಗಳು ತಪ್ಪುವುದಿಲ್ಲ. ನಂತರ ಸದನದ ನಡಾವಳಿಯಲ್ಲಿ ಸಿಗುವುದು ಇಂಗ್ಲಿಷ್ ಅನುವಾದ. ಹಾಗಾಗಿ ಕನ್ನಡ ಮೂಲವನ್ನು ವಿಡಿಯೊ ಕೇಳಿ ಅದೇ ವಾರ ಬರೆದಿಡಬೇಕು. ಅನುವಾದದಿಂದ ಮತ್ತೆ ಕನ್ನಡಕ್ಕೆ ತಂದ ಮಾತು ಆಡಿದವರ ಮಾತಾಗಿರುವುದಿಲ್ಲ.

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಬಗ್ಗೆ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. 1993ರ ಡಿಸೆಂಬರ್‌ನಲ್ಲಿ ಶುರುವಾದ ಯೋಜನೆ ಇದು. 2011–12ರಿಂದ ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಕೋವಿಡ್ ಕಾಲದಲ್ಲಿ 2020ರ ಏಪ್ರಿಲ್‌ನಿಂದ ನಿಂತು, 2021ರ ನವೆಂಬರ್‌ನಲ್ಲಿ ಮರಳಿ ಆರಂಭವಾಯಿತು. ಆ ವರ್ಷಗಳ ಅಂಕಿ ಕಡಿಮೆ ಕಂಡರೆ ಈ ಕಾರಣವನ್ನು ಪಕ್ಕದಲ್ಲೇ ಬರೆಯಬೇಕು. ಹಣ ಸಂಸದರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡಿ ಕೆಲಸ ಮಾಡಿಸುತ್ತದೆ. ಪರಿಶಿಷ್ಟ ಜಾತಿಯವರು ಇರುವ ಪ್ರದೇಶಗಳಿಗೆ ಶೇ 15, ಪರಿಶಿಷ್ಟ ಪಂಗಡದವರ ಪ್ರದೇಶಗಳಿಗೆ ಶೇ 7.5 ಮೀಸಲಿಡಬೇಕು. ವರದಿಯಲ್ಲಿ ‘ಶಿಫಾರಸು’, ‘ಮಂಜೂರು’, ‘ಖರ್ಚು’, ‘ಪೂರ್ಣ’ ಎಂದು ನಾಲ್ಕು ಕಾಲಂ ಬೇಕು. ಶಿಫಾರಸಿನ ಮೊತ್ತವನ್ನೇ ಖರ್ಚು ಎಂದು ಅಚ್ಚು ಹಾಕಿದರೆ, ಕಟ್ಟಿರದ ಸಮುದಾಯ ಭವನದ ಮುಂದೆ ನಿಂತು ಜನ ಕೇಳುತ್ತಾರೆ. ಚುನಾವಣಾ ನೀತಿಸಂಹಿತೆ ಜಾರಿಯಾದರೆ ಹೊಸ ಕೆಲಸ ಶುರುವಾಗದು, ಆದ್ದರಿಂದ ಅವಧಿಯ ಕೊನೆಯ ವರ್ಷದ ಶಿಫಾರಸುಗಳನ್ನು ಮೊದಲ ಆರು ತಿಂಗಳಲ್ಲೇ ಮುಗಿಸಿಬಿಡಬೇಕು.

ಅಚ್ಚಿಗೆ 16 ಪುಟ ಸಾಕು. ಅದರಲ್ಲಿ ಎರಡು ಪುಟ ‘ಆಗದೆ ಉಳಿದದ್ದು’ ಎಂಬುದಕ್ಕೆ: ವಿಷಯ, ಯಾವ ಸಚಿವಾಲಯದಲ್ಲಿ ನಿಂತಿದೆ, ಕೊನೆಯ ಪತ್ರದ ದಿನಾಂಕ, ಇನ್‌ವರ್ಡ್ ನಂಬರ್. ಅರ್ಜಿದಾರರ ಹೆಸರು, ಫೋನ್ ಅಲ್ಲಿ ಬರಬಾರದು, ನಂಬರ್ ಮಾತ್ರ. ಅರ್ಜಿ ಕೊಟ್ಟಾಗ ಸಿಕ್ಕ, ನಂಬರ್ ಇರುವ ಸ್ವೀಕೃತಿ ಚೀಟಿ ಇಟ್ಟುಕೊಂಡವರು ತಮ್ಮ ಸಾಲನ್ನು ತಾವೇ ಗುರುತಿಸುತ್ತಾರೆ. ವರದಿ ಗ್ರಾಮ ಪಂಚಾಯಿತಿಗಳಿಗೂ ಗ್ರಂಥಾಲಯಗಳಿಗೂ ತಲುಪಿದ ಮರುವಾರ ಕಚೇರಿಯ ಫೋನಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಆ ಎರಡು ಪುಟಗಳ ಬಗ್ಗೆಯೇ ಇರುತ್ತವೆ. ಆ ಕರೆಗಳಿಗೂ ಹೊಸ ನಂಬರ್ ಕೊಡದೆ, ಹಳೆಯ ನಂಬರಿನ ಕೆಳಗೇ ದಿನಾಂಕ ಹಾಕಿ ಬರೆದುಕೊಳ್ಳಬೇಕು.