ಒತ್ತಿದ್ದು ವೆರ್ಣಾದಲ್ಲಿ, ಏರಿದ್ದು ಧಾರವಾಡದಲ್ಲಿ

ಪುಣೆಯ ಹಿಂಜವಡಿಯಲ್ಲಿ ಕೂತು, ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಯ ಬಜೆಟ್ ಸಿಸ್ಟಮ್ ನೋಡಿಕೊಳ್ಳುವುದು ನನ್ನ ಕೆಲಸ. ಕಾರ್ಖಾನೆ ಮೂರು: ಚಾಕಣ, ಗೋವಾದ ವೆರ್ಣಾ, ನಮ್ಮ ಧಾರವಾಡ. ಸಾಫ್ಟ್‌ವೇರ್ ಸ್ಯಾಪ್ ಬಿಡಬ್ಲ್ಯುನ ಇಂಟಿಗ್ರೇಟೆಡ್ ಪ್ಲಾನಿಂಗ್, ಅಂದರೆ ಸ್ಯಾಪ್ ಕಂಪನಿಯ ಡೇಟಾ ಸಂಗ್ರಹದ ಮೇಲೆ ಬಜೆಟ್ ಅಂಕಿ ಹಾಕುವ ಸವಲತ್ತು. ಏಪ್ರಿಲ್‌ಗೆ ಹೊಸ ಲೆಕ್ಕದ ವರ್ಷ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ನನ್ನ ಊಟ ನಿದ್ದೆ ಅಷ್ಟಕ್ಕಷ್ಟೆ.

ಆ ವರ್ಷ ಎಲ್ಲರಿಗೂ ಒಂದು ಎಕ್ಸೆಲ್ ಶೀಟು ಮಾಡಿಕೊಟ್ಟಿದ್ದೆ. ತೆರೆದಾಗ ಯಾವ ಪ್ಲಾಂಟ್ ಎಂದು ಕೇಳುತ್ತದೆ, ಆ ಪ್ಲಾಂಟಿನ ಮಾರಾಟದ ಅಂಕಿ ಮಾತ್ರ ತೋರಿಸುತ್ತದೆ. ಮೇಲೆ ಒಂದು ಬಟನ್: ‘8% ಏರಿಸು’. ಒತ್ತಿದರೆ ಹಿಂದೆ ಒಂದು ಪ್ಲಾನಿಂಗ್ ಫಂಕ್ಷನ್, ಅಂದರೆ ಅಂಕಿಗಳನ್ನು ತಾನೇ ಬದಲಿಸುವ ಆಜ್ಞೆ, ಓಡುತ್ತದೆ. ನೋಡಲು ಚೆನ್ನಾಗಿತ್ತು. ನಾನೇ ಹೊಗಳಿಕೊಂಡಿದ್ದೆ.

ಮೊದಲ ದಿನ ಬೆಳಿಗ್ಗೆ ಚಾಕಣದ ಫೈನಾನ್ಸ್ ಮೇಡಂ ಫೋನ್ ಮಾಡಿದರು. ಅವರು ಗದಗಿನವರು. “ಸರ್, ವೆರ್ಣಾದವರು ನನ್ನ ಡೇಟಾ ಲಾಕ್ ಮಾಡ್ಯಾರ ಅಂತ ಬರ್ಲಿಕ್ಕತ್ತೇತಿ.” ಒಬ್ಬರು ತಿದ್ದುತ್ತಿರುವ ಅಂಕಿಯನ್ನು ಬೇರೆಯವರು ಮುಟ್ಟದಂತೆ ಸಿಸ್ಟಮ್ ಲಾಕ್ ಮಾಡುತ್ತದೆ. ನಾನು ಸುಮ್ನೆ, “ಹತ್ತು ನಿಮಿಷ ಬಿಟ್ಟು ನೋಡ್ರಿ ಮೇಡಂ” ಅಂದೆ. ವೆರ್ಣಾದವರು ಚಾಕಣದ ಡೇಟಾ ಯಾಕೆ ಲಾಕ್ ಮಾಡುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ವೆರ್ಣಾದವರು ಸೇವ್ ಮಾಡಿ ಶೀಟು ಮುಚ್ಚಿದರು, ಲಾಕ್ ಹೋಯಿತು. ಮೇಡಂ ತಮ್ಮ ಬಟನ್ ಒತ್ತಿ, ಸೇವ್ ಮಾಡಿ, ಊಟಕ್ಕೆ ಹೋದರು.

ಮಧ್ಯಾಹ್ನ ಧಾರವಾಡದಿಂದ ಫೋನ್. ಅಲ್ಲಿನವರು ಹಳೇ ಕಾಲದ ಲೆಕ್ಕಿಗರು. ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಶೀಟು ತೆರೆಯುವುದಿಲ್ಲ. “ತಮ್ಮಾ, ನಾ ಇನ್ನೂ ನಿನ್ನ ಬಟನ್ ಮುಟ್ಟೇ ಇಲ್ಲ. 100 ಲಕ್ಷ ಇದ್ದದ್ದು 116.64 ಹೆಂಗಾತು?”

116.64. ಅಂಕಿ ಕೇಳಿದ ಕೂಡಲೇ ಹೊಟ್ಟೆ ತಣ್ಣಗಾಯಿತು. 100ಕ್ಕೆ 8% ಸೇರಿದರೆ 108, ಅದಕ್ಕೆ ಮತ್ತೆ 8% ಸೇರಿದರೆ 116.64. ವೆರ್ಣಾದವರು, ಚಾಕಣದ ಮೇಡಂ ಒಂದೊಂದು ಸಲ ಒತ್ತಿದ ಬಟನ್ ಮೂರೂ ಪ್ಲಾಂಟಿನ ಮೇಲೆ ಒಟ್ಟು ಎರಡು ಸಲ ಓಡಿತ್ತು.

ತಪ್ಪು ನನ್ನದೇ. ಫಂಕ್ಷನ್ ಏನು ಮಾಡಬೇಕು ಎಂದಷ್ಟೇ ಹೇಳುತ್ತದೆ: ಏರಿಸು, ನಕಲಿಸು, ಅಳಿಸು. ಎಲ್ಲಿ ಮಾಡಬೇಕು ಎನ್ನುವುದು ಫಿಲ್ಟರಿನ ಕೆಲಸ. ಎರಡೂ ಒಂದೇ ಅಗ್ರಿಗೇಶನ್ ಲೆವೆಲ್ (ಅಂಕಿಗಳನ್ನು ಎಷ್ಟು ವಿವರದಲ್ಲಿ ಹಿಡಿಯಬೇಕು ಎಂಬ ಮಟ್ಟ) ಮೇಲೆ ನಿಂತಿರುತ್ತವೆ. ಫಂಕ್ಷನ್‌ಗಳನ್ನು ಸಾಲಾಗಿ ಓಡಿಸುವ ಪ್ಲಾನಿಂಗ್ ಸೀಕ್ವೆನ್ಸ್‌ನ ಒಂದೊಂದು ಸ್ಟೆಪ್‌ನಲ್ಲಿ ಇವೆರಡನ್ನೂ ಗಂಟು ಹಾಕುತ್ತೇವೆ. ನನ್ನ ಫಿಲ್ಟರಿನಲ್ಲಿ ವರ್ಷ ಇತ್ತು, ವರ್ಶನ್ (ಕರಡು, ಮೂಲ ಹೀಗೆ ಅದೇ ಬಜೆಟ್ಟಿನ ಬೇರೆ ಬೇರೆ ಪ್ರತಿ) ಇತ್ತು. ಪ್ಲಾಂಟ್ ಖಾಲಿ. ಖಾಲಿ ಎಂದರೆ ‘ಯಾವುದೂ ಇಲ್ಲ’ ಅಲ್ಲ, ‘ಎಲ್ಲವೂ’ ಎಂದು ಅರ್ಥ. ಪ್ಲಾಂಟ್ ಕೇಳುತ್ತಿದ್ದದ್ದು ಕ್ವೆರಿ, ಅಂದರೆ ಶೀಟಿಗೆ ಅಂಕಿ ತಂದು ತೋರಿಸುವ ಭಾಗ. ಅದರ ಉತ್ತರ ಕ್ವೆರಿಯಲ್ಲೇ ಉಳಿಯಿತು, ಫಂಕ್ಷನ್‌ಗೆ ಯಾರೂ ತಲುಪಿಸಲಿಲ್ಲ. ಪರದೆ ಮೇಲೆ ಕಾಣುವುದು ವೆರ್ಣಾ ಒಂದೇ ಆದ್ದರಿಂದ ಬಟನ್ ಕೂಡ ವೆರ್ಣಾಗೆ ಮಾತ್ರ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು.

ಬೆಳಗಿನ ಲಾಕ್ ಕೂಡ ಇದನ್ನೇ ಕೂಗಿ ಹೇಳುತ್ತಿತ್ತು. ಫಂಕ್ಷನ್ ಓಡಿದಾಗ ಸಿಸ್ಟಮ್ ಫಿಲ್ಟರ್ ಹೇಳಿದಷ್ಟನ್ನೂ ಲಾಕ್ ಮಾಡುತ್ತದೆ, ನೀವು ನೋಡುತ್ತಿರುವುದನ್ನು ಮಾತ್ರವಲ್ಲ. ಈಗ ಯಾರಾದರೂ ಲಾಕ್ ಎಂದು ದೂರಿದರೆ ಮೊದಲು ಲಾಕ್‌ಗಳನ್ನು ತೋರಿಸುವ ಪರದೆ ಆರ್‌ಎಸ್‌ಪಿಎಲ್‌ಎಸ್‌ಇ ತೆರೆದು, ಲಾಕ್ ಎಷ್ಟು ಅಗಲ ಇದೆ ಎಂದು ನೋಡುತ್ತೇನೆ.

ಹಾಳಾದದ್ದನ್ನು ಸರಿ ಮಾಡುವುದು ಇನ್ನೊಂದು ಕಥೆ. ಸೇವ್ ಆಗುವ ಮೊದಲಾಗಿದ್ದರೆ ರೀಸೆಟ್ ಒತ್ತಿದರೆ ಸಾಕಿತ್ತು, ತಾತ್ಕಾಲಿಕ ಜಾಗವಾದ ಬಫರ್‌ನಲ್ಲಿದ್ದ ಬದಲಾವಣೆ ಹೋಗುತ್ತಿತ್ತು. ಸೇವ್ ಆಗಿಹೋಗಿತ್ತು. ಪಕ್ಕದ ಸೀಟಿನ ಹುಡುಗ, “ಮೈನಸ್ 8 ಹಾಕಿ ಎರಡು ಸಲ ಓಡಿಸಿ” ಅಂದ. 108ರಲ್ಲಿ 8% ಕಳೆದರೆ 99.36 ಬರುತ್ತದೆ ಮಾರಾಯ, 100 ಅಲ್ಲ! ಸರಿಯಾಗಿ ಹಿಂದೆ ಬರಲು ಸುಮಾರು 7.4074% ಇಳಿಸಬೇಕು, ಅದರಲ್ಲೂ ಪೈಸೆ ಆಚೀಚೆ. ನಡುವೆ ಜನ ಕೈಯಿಂದ ಟೈಪ್ ಮಾಡಿದ್ದೂ ಇತ್ತು. ಪುಣ್ಯಕ್ಕೆ ಹಿಂದಿನ ರಾತ್ರಿ ಎಲ್ಲವನ್ನೂ ಬೇರೆ ವರ್ಶನ್‌ಗೆ ನಕಲು ಮಾಡಿಟ್ಟಿದ್ದೆ. ಕೆಳಗೆ ಹೋಗಿ ಅಮೃತತುಲ್ಯದಲ್ಲಿ ಒಂದು ಚಹಾ ಕುಡಿದು, ಕೈ ನಡುಗುವುದು ನಿಂತ ಮೇಲೆ, ಅದನ್ನೇ ವಾಪಸ್ ತಂದೆ. ಟೈಪ್ ಮಾಡಿದವರಿಗೆ ಮತ್ತೆ ಟೈಪ್ ಮಾಡಿ ಎಂದು ಕೈಮುಗಿದೆ.

ಆಮೇಲೆ ಮಾಡಿದ ಬದಲಾವಣೆ ಚಿಕ್ಕದು. ಕ್ವೆರಿ ಕೇಳುವ ಅದೇ ಪ್ಲಾಂಟ್ ವೇರಿಯಬಲ್ಲನ್ನು (ಓಡಿಸುವಾಗ ತುಂಬುವ ಖಾಲಿ ಜಾಗ) ಫಂಕ್ಷನ್‌ನ ಫಿಲ್ಟರಿಗೂ ಹಾಕಿದೆ. ಒಂದೇ ಮೌಲ್ಯ, ಕಡ್ಡಾಯ. ಖಾಲಿ ಬಿಡುವಂತಿಲ್ಲ. ಎಕ್ಸೆಲ್‌ನಲ್ಲಿ ಬಟನ್ ಜೋಡಿಸುವಾಗ ಆ ವೇರಿಯಬಲ್‌ನ ಮೌಲ್ಯವನ್ನು ಕ್ವೆರಿಯಿಂದಲೇ ತೆಗೆದುಕೊಳ್ಳುವಂತೆ ಮಾಡಿದೆ. ವರ್ಶನ್ ಮಾತ್ರ ಫಿಲ್ಟರಿನಲ್ಲಿ ನೇರವಾಗಿ ಬರೆದಿದ್ದೇನೆ. ಕರಡು ಬಿಟ್ಟು ಬೇರೆ ಯಾವುದಕ್ಕೂ ಈ ಬಟನ್ ಕೈ ಹಾಕಬಾರದು.

ಯಾರಿಗೂ ಕೊಡುವ ಮೊದಲು ಫಂಕ್ಷನ್ ಕಟ್ಟುವ ಪರದೆ ಆರ್‌ಎಸ್‌ಪ್ಲಾನ್‌ನಲ್ಲಿ ಟ್ರೇಸ್ (ಹೆಜ್ಜೆ ಹೆಜ್ಜೆಯ ದಾಖಲೆ) ಹಾಕಿ ಓಡಿಸುತ್ತೇನೆ. ಎಷ್ಟು ರೆಕಾರ್ಡ್ ಓದಿದೆ, ಎಷ್ಟು ಬದಲಾಗಿದೆ ಎಂದು ಕೊನೆಗೆ ಒಂದು ಸಾಲು ಬರುತ್ತದೆ. ಮೊದಲೂ ಬರುತ್ತಿತ್ತು, ಹಸಿರು ದೀಪ ನೋಡಿ ಮುಂದೆ ಹೋಗುತ್ತಿದ್ದೆ. ವೆರ್ಣಾದ ಸಾಲುಗಳು 380 ಇದ್ದು ಬದಲಾದದ್ದು 1,140 ಎಂದಿದ್ದರೆ ಓದುವವನಿಗೆ ಅಲ್ಲೇ ಗೊತ್ತಾಗಬೇಕು. ಒಂದು ಸಲಕ್ಕಿಂತ ಜಾಸ್ತಿ ಒತ್ತಿದರೆ ಏನು ಎನ್ನುವ ಪ್ರಶ್ನೆಗೂ ಈಗ ಉತ್ತರ ಇದೆ: ಬಟನ್ ಮೊದಲು ಮೂಲ ವರ್ಶನ್‌ನಿಂದ ನಕಲು ಮಾಡುತ್ತದೆ, ಆಮೇಲೆ ಏರಿಸುತ್ತದೆ. ಹತ್ತು ಸಲ ಒತ್ತಿದರೂ 108.

ಮೂರೂ ಪ್ಲಾಂಟಿಗೆ ಒಟ್ಟಿಗೆ ಓಡಿಸುವ ಬಟನ್ ಬೇಕು ಎಂದು ಹೆಡ್ ಆಫೀಸಿನವರು ಈಗ ಕೇಳುತ್ತಿದ್ದಾರೆ. ಮಾಡಿಕೊಟ್ಟಿದ್ದೇನೆ, ಮೂರು ಸ್ಟೆಪ್, ಮೂರು ಬೇರೆ ಫಿಲ್ಟರ್. ಅದು ನನ್ನ ಲಾಗಿನ್‌ನಲ್ಲಿ ಮಾತ್ರ ಕಾಣುತ್ತದೆ. ಓಡಿಸುವ ಮುಂಚೆ ಧಾರವಾಡಕ್ಕೆ ಒಂದು ಫೋನ್ ಮಾಡುತ್ತೇನೆ.