ಹೋಮ್ ಲೋನ್ ಬೇರೆ ಬ್ಯಾಂಕಿಗೆ ಒಯ್ಯುವಾಗ ದುಬಾರಿ ‘ಫೋರ್‌ಕ್ಲೋಷರ್’ ಶುಲ್ಕ ಕೇಳಿದರೆ ಏನು ಮಾಡಬೇಕು?

ನನ್ನ ತಮ್ಮನ ಕೈಗೆ ಬಂದ ಫೋರ್‌ಕ್ಲೋಷರ್ ಲೆಟರಿನಲ್ಲಿ, ಅಂದರೆ ಅವಧಿಗೆ ಮೊದಲೇ ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕೆಂದು ಹೇಳುವ ಪತ್ರದಲ್ಲಿ, ಐದು ಸಾಲುಗಳಿದ್ದವು. ಬಾಕಿ ಅಸಲು 32 ಲಕ್ಷ ರೂಪಾಯಿ. ಆ ತಿಂಗಳ ಬಡ್ಡಿ. ಎಂದೋ ಬೌನ್ಸ್ ಆಗಿದ್ದ ಒಂದು ಕಂತಿನ ದಂಡ. ನಾಲ್ಕನೆಯ ಸಾಲಿನಲ್ಲಿ ‘ಅಡ್ಮಿನಿಸ್ಟ್ರೇಟಿವ್ ಚಾರ್ಜಸ್’ 64,000, ಐದನೆಯದರಲ್ಲಿ ಅದರ ಮೇಲಿನ ಜಿಎಸ್‌ಟಿ 11,520. ಹೊಸ ಬ್ಯಾಂಕಿನ ಡಿಡಿ ತಯಾರಾಗಿತ್ತು. ‘ಹೋಗ್ಲಿ ಬಿಡಕ್ಕ, ಕಟ್ಟಿ ಮುಗಿಸ್ತೀನಿ’ ಅಂದ.

ನಾನು ಬಿಡಲಿಲ್ಲ. ಬಡ್ಡಿ ಶೇ 9.5ರಿಂದ ಶೇ 8ಕ್ಕೆ ಇಳಿಯುತ್ತದೆ ಎಂದೇ ಅವನು ಸಾಲ ಬದಲಿಸಲು ಹೊರಟಿದ್ದ. 32 ಲಕ್ಷಕ್ಕೆ ಶೇ 1.5 ಎಂದರೆ ಮೊದಲ ವರ್ಷ ಉಳಿಯುವುದು ಸುಮಾರು 48,000. ಆ 75,520 ರೂಪಾಯಿ ಕೊಟ್ಟಿದ್ದರೆ ಒಂದೂವರೆ ವರ್ಷದ ಉಳಿತಾಯ ಹೊಸಿಲಲ್ಲೇ ಕರಗಿಹೋಗುತ್ತಿತ್ತು. ಅದೂ ಕೇಳುವ ಹಕ್ಕೇ ಇಲ್ಲದ ದುಡ್ಡಿಗಾಗಿ.

2025ರ ಫೆಬ್ರುವರಿಯಿಂದ ಜೂನ್ ಒಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 6.50ರಿಂದ 5.50ಕ್ಕೆ ಇಳಿಯಿತು. ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನುಗಳು 2019ರ ಅಕ್ಟೋಬರ್‌ನಿಂದ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿರುವುದರಿಂದ ಅಲ್ಲಿ ಬಡ್ಡಿ ಬೇಗ ಇಳಿಯುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳು ತಮ್ಮದೇ ಮೂಲ ದರ ಇಟ್ಟುಕೊಂಡಿರುವುದರಿಂದ ಅಲ್ಲಿ ತಡ. ಹಾಗಾಗಿ ಸಾಲ ಬದಲಿಸಲು ಹೊರಡುವವರು ಹೆಚ್ಚು, ಹೋಗುವಾಗ ದುಡ್ಡು ಕೇಳಿಸಿಕೊಳ್ಳುವವರೂ ಹೆಚ್ಚು.

ಮೊದಲು ಸ್ಯಾಂಕ್ಷನ್ ಲೆಟರ್ ತೆರೆಯಿರಿ

ಸಾಲ ಮಂಜೂರಾದಾಗ ಕೊಟ್ಟ ಆ ಪತ್ರದಲ್ಲಿ ನೋಡಬೇಕಾದ್ದು ಎರಡೇ: ಬಡ್ಡಿ ಫ್ಲೋಟಿಂಗೋ ಫಿಕ್ಸೆಡ್ಡೋ, ಮತ್ತು ಸಾಲ ಯಾರ ಹೆಸರಿನಲ್ಲಿ ಯಾವ ಉದ್ದೇಶಕ್ಕೆ ಇದೆ. ಮನೆ ಕಟ್ಟಲು, ಕೊಳ್ಳಲು ವ್ಯಕ್ತಿಯೊಬ್ಬರು ಪಡೆದ ಫ್ಲೋಟಿಂಗ್ ಸಾಲವಾದರೆ ಮುಂಚಿತವಾಗಿ ತೀರಿಸಿದ್ದಕ್ಕೆ ಶುಲ್ಕ ಕೇಳುವಂತಿಲ್ಲ. ಇದು ಹೊಸ ನಿಯಮವೂ ಅಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2011ರಲ್ಲೇ, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲಿ ಇದನ್ನು ಹೇಳಿಯಾಗಿದೆ. ಕೈಯಿಂದ ಕಟ್ಟಿದಿರೋ ಬೇರೆ ಬ್ಯಾಂಕ್ ಕಟ್ಟಿತೋ ಎಂಬುದು ಲೆಕ್ಕಕ್ಕಿಲ್ಲ. ಹೆಂಡತಿ, ಅಪ್ಪ ಸಹ-ಅರ್ಜಿದಾರರಾಗಿದ್ದರೂ ನಿಯಮ ಬದಲಾಗುವುದಿಲ್ಲ.

2025ರ ಜುಲೈ 2ರಂದು ರಿಸರ್ವ್ ಬ್ಯಾಂಕ್ ಇದನ್ನೆಲ್ಲ ಒಂದೇ ನಿರ್ದೇಶನದಡಿ ತಂದಿತು. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ಅದು ಅನ್ವಯಿಸುತ್ತದೆ. ‘ಇಷ್ಟು ವರ್ಷ ಆಗುವವರೆಗೆ ತೀರಿಸುವಂತಿಲ್ಲ’ ಎಂಬ ಷರತ್ತಿಗೂ ಅಲ್ಲಿ ಜಾಗವಿಲ್ಲ. ಸಾಲದ ಮುಖ್ಯ ವಿವರಗಳಿರುವ ಕೆಎಫ್‌ಎಸ್ ಎಂಬ ಹಾಳೆಯಲ್ಲಿ ಕಾಣಿಸದ ಮುಂಪಾವತಿ ಶುಲ್ಕವನ್ನು ಆಮೇಲೆ ತಂದು ಸೇರಿಸುವಂತಿಲ್ಲ. ವ್ಯಾಪಾರಕ್ಕೆಂದು ಮನೆ ಅಡ ಇಟ್ಟು ಪಡೆದ ಫ್ಲೋಟಿಂಗ್ ಸಾಲಕ್ಕೂ ಈಗ ಬಹುಪಾಲು ರಕ್ಷಣೆ ಇದೆ. ಆದರೆ ಅಲ್ಲಿ ಸಾಲ ಕೊಟ್ಟ ಸಂಸ್ಥೆ ಯಾವುದು, ಮೊತ್ತ ಎಷ್ಟು ಎಂಬುದರ ಮೇಲೆ ನಿಯಮ ಬದಲಾಗುತ್ತದೆ.

ಫಿಕ್ಸೆಡ್ ಬಡ್ಡಿಯದಾದರೆ ಮಾತೇ ಬೇರೆ. ಬೇರೆ ಬ್ಯಾಂಕಿಗೆ ಸಾಲ ಒಯ್ಯುವಾಗ ಅಗ್ರಿಮೆಂಟಿನಲ್ಲಿ ಬರೆದಿರುವ ಶುಲ್ಕ ಕೇಳಲು ಅವರಿಗೆ ಅವಕಾಶವಿದೆ. ಚೌಕಾಸಿ ಮಾಡಬಹುದು, ಹಕ್ಕೆಂದು ವಾದಿಸುವುದು ಕಷ್ಟ. ಮೊದಲ ಎರಡು-ಮೂರು ವರ್ಷ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್ ಎನ್ನುವ ಸಾಲಗಳೂ ಇವೆ. ಅಂಥವುಗಳಲ್ಲಿ ತೀರಿಸುವ ದಿನ ಯಾವ ಬಡ್ಡಿ ನಡೆಯುತ್ತಿದೆ ಎಂಬುದೇ ಮುಖ್ಯ. ಫ್ಲೋಟಿಂಗ್ ಶುರುವಾಗಲು ಎರಡು ತಿಂಗಳಿದ್ದರೆ ಎರಡು ತಿಂಗಳು ಕಾಯಿರಿ.

ಸಾಲು ಸಾಲಾಗಿ ಲೆಕ್ಕ ಕೇಳಿ

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ ಮೊತ್ತವನ್ನು ಒಪ್ಪಬೇಡಿ. ಅಸಲು, ಬಡ್ಡಿ, ದಂಡ, ಇತರೆ ಶುಲ್ಕ ಎಲ್ಲವೂ ಬಿಡಿಬಿಡಿಯಾಗಿರುವ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟನ್ನು ಇಮೇಲ್‌ನಲ್ಲಿ ಕೇಳಿ. ನಿಷೇಧವಿರುವುದು ಗೊತ್ತಿದ್ದವರು ‘ಫೋರ್‌ಕ್ಲೋಷರ್’ ಎಂಬ ಪದವನ್ನು ಬರೆಯುವುದೇ ಇಲ್ಲ. ಆಡಳಿತ ವೆಚ್ಚ, ಕ್ಲೋಷರ್ ಪ್ರೊಸೆಸಿಂಗ್, ನೋಟಿಸ್ ಅವಧಿಯ ಬಡ್ಡಿ ಎಂದೆಲ್ಲ ಹೆಸರು ಬದಲಾಗಿರುತ್ತದೆ. ಆ ಮೊತ್ತವನ್ನು ಬಾಕಿ ಅಸಲಿನಿಂದ ಭಾಗಿಸಿ ನೋಡಿ. ಸರಿಯಾಗಿ ಶೇ 2 ಅಥವಾ ಶೇ 3 ಬಂದರೆ ಅದು ಯಾವ ಕೆಲಸದ ಖರ್ಚೂ ಅಲ್ಲ, ಫೋರ್‌ಕ್ಲೋಷರ್ ಶುಲ್ಕವೇ. ಕಪಾಟಿನಿಂದ ಕ್ರಯಪತ್ರ ತೆಗೆದುಕೊಡುವ ಖರ್ಚು ಸಾಲದ ಗಾತ್ರದ ಜೊತೆ ಬೆಳೆಯುವುದಿಲ್ಲವಲ್ಲ. ತಮ್ಮನ 64,000 ನೋಡಿದ ಕೂಡಲೇ ನನಗೆ ಹೊಳೆದದ್ದು ಇದು: 32 ಲಕ್ಷದ ಸರಿಯಾದ ಶೇ 2.

ಬಡ್ಡಿಯ ಸಾಲನ್ನೂ ತಾಳೆ ನೋಡಿ. 32 ಲಕ್ಷಕ್ಕೆ ಶೇ 9.5ರಂತೆ ದಿನಕ್ಕೆ ಸುಮಾರು 833 ರೂಪಾಯಿ. ಡಿಡಿ ಕೊಟ್ಟ ದಿನದವರೆಗೆ ಮಾತ್ರ ಅದನ್ನು ಕಟ್ಟಬೇಕು. ತಿಂಗಳ ಕೊನೆಯವರೆಗೂ ಹಾಕಿದ್ದರೆ ಪ್ರಶ್ನಿಸಿ.

ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯದ ಖರ್ಚು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸದಾಗಿ ಎಂಒಡಿಟಿ (ಮನೆಪತ್ರ ಅಡ ಇಟ್ಟದ್ದರ ದಾಖಲೆ) ಮಾಡಿಸುವ ಸ್ಟ್ಯಾಂಪ್ ಡ್ಯೂಟಿ ಬೇರೆ ಲೆಕ್ಕ. ಅವು ಇದ್ದದ್ದೇ. ಹೊರಡುವ ಮೊದಲೇ ಅವನ್ನೂ ಕೂಡಿಸಿ, ಉಳಿತಾಯ ನಿಜವಾಗಿಯೂ ಉಳಿಯುತ್ತದೆಯೇ ನೋಡಿ. ಎಷ್ಟೋ ಸಲ ಈಗಿರುವ ಸಂಸ್ಥೆಯೇ ಚಿಕ್ಕ ಕನ್ವರ್ಷನ್ ಶುಲ್ಕಕ್ಕೆ ಬಡ್ಡಿ ಇಳಿಸಿಕೊಡುತ್ತದೆ. ಕೇಳದವರಿಗೆ ಮಾತ್ರ ಅದು ಸಿಗುವುದಿಲ್ಲ.

ಬರೆದು ಕೊಡಿ, ಸೀಲು ಹಾಕಿಸಿ

ದೂರು ಅರ್ಧ ಪುಟ ಮೀರಬೇಕಿಲ್ಲ. ತಮ್ಮನಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

‘ನನ್ನ ಸಾಲ ಮನೆಗಾಗಿ ಪಡೆದ ಫ್ಲೋಟಿಂಗ್ ದರದ ವೈಯಕ್ತಿಕ ಸಾಲ. ಇಂಥ ಸಾಲಕ್ಕೆ ಮುಂಪಾವತಿ ಶುಲ್ಕ ವಿಧಿಸುವಂತಿಲ್ಲ. ನಿಮ್ಮ ಲೆಟರಿನಲ್ಲಿ ಅಡ್ಮಿನಿಸ್ಟ್ರೇಟಿವ್ ಚಾರ್ಜಸ್ ಎಂದು 64,000 ರೂಪಾಯಿ ಸೇರಿಸಿದ್ದೀರಿ. ಇದು ಬಾಕಿ ಅಸಲಿನ ಶೇ 2. ಯಾವ ನಿಯಮದಡಿ, ಅಗ್ರಿಮೆಂಟಿನ ಯಾವ ಕಲಮಿನಡಿ ಇದನ್ನು ಕೇಳಿದ್ದೀರಿ ಎಂದು ಬರವಣಿಗೆಯಲ್ಲಿ ತಿಳಿಸಿ. ಇಲ್ಲವಾದರೆ ಈ ಮೊತ್ತ ಮತ್ತು ಅದರ ಜಿಎಸ್‌ಟಿ ತೆಗೆದು ಪರಿಷ್ಕೃತ ಲೆಟರ್ ಕೊಡಿ.’

ಒಂದು ಪ್ರತಿ ಶಾಖೆಗೆ, ಇನ್ನೊಂದು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್. ಶಾಖೆಯ ಪ್ರತಿಯ ಮೇಲೆ ತಾರೀಕಿನ ಸಮೇತ ಸೀಲು ಹಾಕಿಸಿಕೊಳ್ಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮುಂದಿನ ಪ್ರತಿ ಹೆಜ್ಜೆಗೂ ಆ ತಾರೀಕೇ ಆಧಾರ. ನಮಗೆ ಹನ್ನೊಂದನೆಯ ದಿನ ಹೊಸ ಲೆಟರ್ ಬಂತು. ನಾಲ್ಕನೆಯ, ಐದನೆಯ ಸಾಲು ಇರಲಿಲ್ಲ. ವಿವರಣೆಯೂ ಇರಲಿಲ್ಲ.

ಕಾಯಲು ಸಮಯವಿಲ್ಲದಿದ್ದರೆ

ಇಲ್ಲೇ ಹೆಚ್ಚಿನವರು ಸೋಲುವುದು. ಡಿಡಿ ತಯಾರಿದೆ, ಹಳೆಯ ಲೆಟರಿನ ಅವಧಿ ಮುಗಿಯುತ್ತಿದೆ, ಹೊಸ ಬ್ಯಾಂಕಿನಲ್ಲೂ ಬಡ್ಡಿ ಶುರುವಾಗಿದೆ. ‘ಕಟ್ಟಿಬಿಡಿ ಸಾರ್, ಇಲ್ಲಾಂದ್ರೆ ಡಾಕ್ಯುಮೆಂಟ್ ಕೊಡೋಕಾಗಲ್ಲ’ ಎನ್ನುತ್ತಾರೆ. ಅವಸರವೇ ಅವರ ಬಲ. ಆದರೆ ಕಟ್ಟುವುದು ಬೇರೆ, ಒಪ್ಪುವುದು ಬೇರೆ. ಅನಿವಾರ್ಯವಾದರೆ ಕಟ್ಟಿ. ಕಟ್ಟುವ ಮೊದಲು ‘ಈ ಶುಲ್ಕವನ್ನು ಒಪ್ಪಿಲ್ಲ, ಆಕ್ಷೇಪ ಸಲ್ಲಿಸಿಯೇ ಕಟ್ಟುತ್ತಿದ್ದೇನೆ, ಮರಳಿ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ’ ಎಂದು ಇಮೇಲ್ ಹಾಕಿ. ಶುಲ್ಕದ ಮೊತ್ತ ಬೇರೆಯಾಗಿ ಕಾಣುವ ರಸೀದಿ ಪಡೆಯಿರಿ. ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಸಾಲಿರುವ ಕಾಗದವನ್ನು ಮುಂದಿಟ್ಟರೆ ಆ ಸಾಲು ಹೊಡೆದುಹಾಕಿ ಸಹಿ ಮಾಡಿ.

30 ದಿನ ಕಳೆದರೂ ಉತ್ತರವಿಲ್ಲದಿದ್ದರೆ

ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕಿನ ವಿರುದ್ಧ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಹೋಗಬಹುದು. ದೂರನ್ನು ಆರ್‌ಬಿಐನ ಸಿಎಂಎಸ್ ಜಾಲತಾಣದಲ್ಲಿ ಹಾಕಬೇಕು. ಫೀಸಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಸಾಲ ಕೊಟ್ಟದ್ದು ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ದಾರಿ ಬೇರೆ: ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ‘ಗ್ರಿಡ್ಸ್’ ಎಂಬ ದೂರು ವ್ಯವಸ್ಥೆ. ಈ ಎರಡನ್ನು ಅದಲುಬದಲು ಮಾಡಿ ತಿಂಗಳುಗಟ್ಟಲೆ ಕಾದವರಿದ್ದಾರೆ. ಲೆಟರ್‌ಹೆಡ್ಡಿನಲ್ಲಿ ಸಂಸ್ಥೆಯ ಪೂರ್ತಿ ಹೆಸರು ಓದಿ. ಬ್ಯಾಂಕಿನ ಹೆಸರೇ ಇದ್ದರೂ ಸಾಲ ಕೊಟ್ಟದ್ದು ಅದರ ಹೌಸಿಂಗ್ ಕಂಪನಿಯಾಗಿರಬಹುದು. ಸೀಲು ಬಿದ್ದ ದೂರು, ಸ್ಯಾಂಕ್ಷನ್ ಲೆಟರ್, ಸ್ಟೇಟ್‌ಮೆಂಟ್, ರಸೀದಿ ಇವಿಷ್ಟು ಲಗತ್ತಿಸಿದರೆ ಸಾಕು.

ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ಒಂದೇ ದೂರನ್ನು ಏಕಕಾಲಕ್ಕೆ ಎರಡೂ ಕಡೆ ಹಾಕಬೇಡಿ, ಓಂಬುಡ್ಸ್‌ಮನ್ ಅಂಥದ್ದನ್ನು ಕೈಗೆತ್ತಿಕೊಳ್ಳುವುದಿಲ್ಲ.

ದಾಖಲೆ ಕೈಗೆ ಬರುವವರೆಗೆ

ಶುಲ್ಕದ ಜಗಳ ಮಾಡಿದವರ ಫೈಲನ್ನು ಬೇಕೆಂದೇ ತಡ ಮಾಡುತ್ತಾರೆಂಬ ಭಯ ಬಹಳ ಮಂದಿಗಿದೆ. 2023ರ ಸೆಪ್ಟೆಂಬರ್ 13ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಅದಕ್ಕೆ ಉತ್ತರ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಕೊಡಬೇಕು, ದಾಖಲಾದ ಋಣಭಾರವನ್ನೂ ತೆಗೆಸಬೇಕು. ಅವರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಕೊಡಬೇಕು. ಸಾಲ ತೀರಿದ ದಿನವನ್ನು ಸ್ಪಷ್ಟವಾಗಿ ಬರೆದಿರುವ ಎನ್‌ಒಸಿ ಅಂದೇ ಕೇಳಿ, 30 ದಿನದ ಎಣಿಕೆ ಅಲ್ಲಿಂದ ಶುರು.

ದಾಖಲೆ ಹೊಸ ಬ್ಯಾಂಕಿನವರ ಕೈಗೆ ಹೋಗುವುದಾದರೂ ನೀವು ಜೊತೆಗಿರಿ. ಸಾಲ ಪಡೆಯುವಾಗ ಕೊಟ್ಟ ದಾಖಲೆ ಪಟ್ಟಿ ಹಿಡಿದು ಕ್ರಯಪತ್ರ, ಮೂಲಪತ್ರಗಳು, ಖಾತಾ, ಪ್ಲಾನು ಒಂದೊಂದಾಗಿ ಗುರುತು ಹಾಕಿಕೊಳ್ಳಿ, ಕ್ರಯಪತ್ರದ ಪುಟಗಳನ್ನೂ ಎಣಿಸಿ. ತಿಂಗಳಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ. ಹಳೆಯ ಸಂಸ್ಥೆಯ ಹೆಸರಿನ ಋಣ ರದ್ದಾದದ್ದು ಅದರಲ್ಲಿ ಕಾಣಿಸದಿದ್ದರೆ ಅದೇ ಕುಂದುಕೊರತೆ ಅಧಿಕಾರಿಗೆ, ಅದೇ ದೂರಿನ ಸಂಖ್ಯೆ ಹಾಕಿ, ಇನ್ನೊಂದು ಇಮೇಲ್ ಬರೆಯಿರಿ.