ಮೂರು ಲಕ್ಷ ಕಿ.ಮೀ. ದಾಟಿದ ಡೀಸೆಲ್ ಪಿಕಪ್: ಇಂಜಿನ್ ಇಳಿಸುವ ಮೊದಲು ನಾನು ನೋಡುವುದು

ಮೂರು ಲಕ್ಷ ಓಡಿದ ಪಿಕಪ್ ಹೊಗೆ ಉಗುಳುತ್ತಾ, ಏರಿನಲ್ಲಿ ಎಳೆಯದೆ ನಿಂತರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, "ಇಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು." ಅಂದರೆ ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸಬೇಕು. ಇಳಿಸಲೇಬೇಕಾದ ಇಂಜಿನ್‌ಗಳೂ ಇರುತ್ತವೆ. ಆದರೆ ದೋಷ ಹೊರಗಿನ ಒಂದು ಪೈಪಿನಲ್ಲೋ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದೇ ಒಂದು ಇಂಜೆಕ್ಟರಿನಲ್ಲೋ ಇದ್ದು, ದುಡ್ಡು ಪಿಸ್ಟನ್ನಿಗೆ ಸುರಿದುಹೋಗುವುದೇ ಹೆಚ್ಚು. ಅದಕ್ಕೇ ನಾನು ಅಳೆದು ನೋಡದೆ ಏನನ್ನೂ ಬಿಚ್ಚುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬೊಲೆರೊ ಪಿಕಪ್ ಥರದ, 2,523 ಸಿಸಿ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹೋಗುವ) ಇಂಜಿನ್ನಿನ, ಬಿಎಸ್4 ಹೊಗೆ ನಿಯಮದ ಕಾಲದ, ಅಂದರೆ 2020ರ ಏಪ್ರಿಲ್‌ಗೂ ಮುಂಚಿನ ಗಾಡಿಗಳ ಮಾತು.

ಮೊದಲ ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ನಡುಗಿದರೆ ಹಳೆಯ ಇಂಜಿನ್ನಿಗೆ ಅದು ಸಹಜ. ಮುಚ್ಚಳ ಎಗರಿ ಬಿದ್ದರೆ, ಹಬೆ ಬುಸುಬುಸು ಎದ್ದರೆ ಒಳಗೆ ಒತ್ತಡ ಹೆಚ್ಚಿದೆ ಎಂದರ್ಥ. ಇಷ್ಟಕ್ಕೇ ಪಿಸ್ಟನ್ ರಿಂಗ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಇಂಜಿನ್ನಿನೊಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ. ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪು ಈ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದು ಎಳೆದ ಗಾಳಿ ಆಯಿಲ್ ಜತೆ ಇಂಜಿನ್ನಿನೊಳಗೇ ಬಂದು ಬೀಳುತ್ತದೆ. ಬೂಸ್ಟರಿನ ಡಯಾಫ್ರಾಮ್ ಹರಿದಿದ್ದರೆ ಪಂಪು ಎಡೆಬಿಡದೆ ಗಾಳಿ ತುಂಬುತ್ತಿರುತ್ತದೆ. ಗಾಡಿ ನಿಂತಿರುವಾಗ ಬೂಸ್ಟರಿಗೆ ಹೋಗುವ ಹೋಸನ್ನು ಒತ್ತಿ ಹಿಡಿದು ಮುಚ್ಚಳವನ್ನು ಮತ್ತೊಮ್ಮೆ ಇಟ್ಟು ನೋಡಿ. ಎಗರುವುದು ನಿಂತರೆ ಇಂಜಿನ್ ಮುಟ್ಟುವ ಅಗತ್ಯವೇ ಇಲ್ಲ. ಇದೆಲ್ಲ ಸರಿಯಿದ್ದೂ ಒತ್ತಡ ಉಳಿದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ. 10 ದಾಟಿದರೆ ಬೋರಿನ ಮಾತಿಗೆ ಆಧಾರವಿದೆ.

ಹೊಗೆಯ ಬಣ್ಣವೂ ದಾರಿ ತೋರಿಸುತ್ತದೆ. ಕಪ್ಪು ಹೊಗೆ ಎಂದರೆ ಸುಡಲು ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಹೆಚ್ಚಾಗಿ ಬೀಳುತ್ತಿದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಇಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್‌ವರೆಗಿನ ರಬ್ಬರ್ ಹೋಸುಗಳ ಕೆಳಭಾಗವನ್ನು ಬೆರಳಿಂದ ತಡವಿ ನೋಡಿ. ಸೀಳು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ಒಳಗೆ ತೆಳುವಾಗಿ ಆಯಿಲ್ ಪಸೆ ಇದ್ದರೆ ಚಿಂತೆಯಿಲ್ಲ, ತೊಟ್ಟಿಕ್ಕುವಷ್ಟಿದ್ದರೆ ಟರ್ಬೊ ನೋಡಬೇಕು. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಬಿಳಿ ಹೊಗೆ ಸುಡದ ಡೀಸೆಲ್ ಇರಬಹುದು, ಇಂಜಿನ್ ತಣಿಸುವ ದ್ರವವಾದ ಕೂಲಂಟೂ ಇರಬಹುದು. ಕಣ್ಣು ಉರಿಸುವ ಡೀಸೆಲ್ ವಾಸನೆ ಇದ್ದರೆ ಮೊದಲನೆಯದು, ಕೂಲಂಟ್ ಇಳಿಯುತ್ತಿದ್ದರೆ ಎರಡನೆಯದು.

ಇನ್ನು ಡೀಸೆಲ್ ಲೈನು. ಹಳೆಯ ಗಾಡಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇದಕ್ಕೇ. ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಇಂಜೆಕ್ಟರಿನ ಒಳಗಿನ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು, ಕಣ್ಣಿಗೆ ಕಾಣದ ಮರಳೂ ಅಲ್ಲಿ ಉಜ್ಜಿ ಗೀರು ಹಾಕುತ್ತದೆ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಡೀಸೆಲ್ ಹಿಡಿಯುತ್ತೇನೆ. ಸ್ವಲ್ಪ ಹೊತ್ತು ಬಿಟ್ಟರೆ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಪದೇ ಪದೇ ನೀರು ಬಂದರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ರಾತ್ರಿ ಟ್ಯಾಂಕನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಿ ನಿಲ್ಲಿಸಿದರೆ ಒಳಗೋಡೆಯಲ್ಲಿ ತೇವ ಕಟ್ಟುವುದು ಕಡಿಮೆ.

ಫಿಲ್ಟರ್ ಬದಲಿಸುವಾಗ ಹೊಸದಕ್ಕೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವ ರೂಢಿ ಹಲವು ಕಡೆ ಇದೆ. ಹಳೆಯ ಪಂಪಿನ ಕಾಲಕ್ಕೆ ಅದು ನಡೆಯುತ್ತಿತ್ತು, ಕಾಮನ್ ರೈಲಿಗೆ ಅದು ಅಪಾಯ. ನಡುವಿನ ರಂಧ್ರಕ್ಕೆ ಸುರಿದ ಡೀಸೆಲ್ ಸೋಸದೆಯೇ ನೇರ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರನ್ನೇ ಕೂರಿಸಿ, ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪನ್ನು ಗುಳ್ಳೆ ನಿಲ್ಲುವವರೆಗೆ ಒತ್ತಿ. ಸ್ಕ್ರೂ ಬಿಗಿದ ಮೇಲೆ ಪಂಪು ಕೈಗೆ ಗಟ್ಟಿಯಾಗುವವರೆಗೂ ಒತ್ತಿ. ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ ಫಿಲ್ಟರಿಗೆ ಬರುವ ಲೈನಿನಲ್ಲಿ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ನೋಡಿ. ಗುಳ್ಳೆ ಓಡುತ್ತಿದ್ದರೆ ಟ್ಯಾಂಕಿನ ಕಡೆಯ ಹೋಸೋ ಕ್ಲಿಪ್ಪೋ ಗಾಳಿ ಎಳೆಯುತ್ತಿದೆ.

ಇಂಜೆಕ್ಟರ್ ಅನುಮಾನವಿದ್ದರೆ ನಾಲ್ಕನ್ನೂ ಕಿತ್ತು ಪಂಪ್ ಶಾಪಿಗೆ ಕೊಡುವ ಮೊದಲು ರಿಟರ್ನ್, ಅಂದರೆ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್ ಅಳೆಯಿರಿ. ಬಿಸಿ ಇಂಜಿನ್ ನಿಲ್ಲಿಸಿ, ಇಂಜೆಕ್ಟರುಗಳ ತಲೆಯ ಸಣ್ಣ ರಿಟರ್ನ್ ಪೈಪುಗಳನ್ನು ಮಾತ್ರ ತೆಗೆದು, ಒಂದೇ ಅಳತೆಯ ನಾಲ್ಕು ಬಾಟಲಿಗೆ ಪೈಪ್ ಇಳಿಬಿಡಿ. ತೆರೆದ ರಿಟರ್ನ್ ಲೈನಿನ ಬಾಯಿ ಮುಚ್ಚಿ. ಎರಡು ನಿಮಿಷ ಐಡ್ಲಿಂಗ್ ಓಡಿಸಿ ನಿಲ್ಲಿಸಿ. ಮೂರು ಬಾಟಲಿಯಲ್ಲಿ ಸಮ ಇದ್ದು, ಒಂದರಲ್ಲಿ ದುಪ್ಪಟ್ಟು ಮೂರುಪಟ್ಟು ತುಂಬಿದ್ದರೆ ರಿಪೇರಿ ಬೇಕಿರುವುದು ಆ ಒಂದಕ್ಕೆ. ದಪ್ಪನೆಯ ಉಕ್ಕಿನ ಪೈಪಿನ ನಟ್ಟನ್ನು ಇಂಜಿನ್ ಓಡುವಾಗ ಸಡಿಲಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಇಂಜೆಕ್ಟರ್ ವಾಪಸ್ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಬೇಕು. ಹಳೆಯ ವಾಷರ್ ಗುಳಿಯೊಳಗೇ ಅಂಟಿ ಉಳಿದಿರುತ್ತದೆ, ಟಾರ್ಚ್ ಬಿಟ್ಟು ನೋಡಿ. ಅದರ ಮೇಲೆ ಇನ್ನೊಂದು ಕೂತರೆ ನಳಿಕೆಯ ಎತ್ತರ ಬದಲಾಗಿ ಡೀಸೆಲ್ ತಪ್ಪು ಜಾಗಕ್ಕೆ ಚಿಮ್ಮುತ್ತದೆ. ವಾಷರ್ ಸರಿ ಕೂರದಿದ್ದರೆ ಸ್ಟಾರ್ಟ್ ಮಾಡಿದಾಗ ಚುಸ್ ಚುಸ್ ಸದ್ದು, ಕೆಲ ದಿನಗಳಲ್ಲಿ ಇಂಜೆಕ್ಟರ್ ಸುತ್ತ ಡಾಂಬರಿನಂಥ ಕರಿ ಕಟ್ಟು. ಹೊಸ ಇಂಜೆಕ್ಟರಿನ ಮೇಲೆ ತಿದ್ದುಪಡಿ ಕೋಡ್ ಕೆತ್ತಿದ್ದರೆ ಅದನ್ನು ಸ್ಕ್ಯಾನರಿನಿಂದ ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಹಾಕಿಸಬೇಕು, ಇಲ್ಲದಿದ್ದರೆ ಐಡ್ಲಿಂಗ್ ಕುಂಟುತ್ತದೆ.

ಕೂಲಿಂಗ್ ವಿಷಯದಲ್ಲಿ ಬಯಲುಸೀಮೆಯ ಗಾಡಿಗಳಿಗೆ ದೊಡ್ಡ ಶತ್ರು ಬೋರ್‌ವೆಲ್ ನೀರು. ಕೋಲಾರ, ತುಮಕೂರಿನ ಗಡಸು ನೀರು ರೇಡಿಯೇಟರ್ ಕೊಳವೆಯಲ್ಲಿ ಸುಣ್ಣ ಕಟ್ಟಿಸುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ದಾರಿಯಲ್ಲಿ ಅನಿವಾರ್ಯವಾಗಿ ಬೇರೆ ನೀರು ಹಾಕಿದರೆ ಊರಿಗೆ ಬಂದ ಮೇಲೆ ಪೂರ್ತಿ ಬಸಿದು ಬದಲಿಸಿ. ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ಕಿತ್ತೆಸೆದರೆ ಬಿಸಿಯಾಗುವುದು ನಿಲ್ಲುತ್ತದೆ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ತಣ್ಣಗೇ ಓಡುವ ಡೀಸೆಲ್ ಇಂಜಿನ್ನಿನಲ್ಲಿ ಸುಡದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ರಿಂಗ್ ಬೇಗ ಸವೆಯುತ್ತದೆ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜತೆ ಕಾಯಿಸಿ, ಥರ್ಮೋಸ್ಟಾಟಿನ ಮೇಲೆ ಕೆತ್ತಿದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡುತ್ತದೆಯೇ ನೋಡಿ. ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗ್ ಸಡಿಲವಾದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಅಗ್ಗದ ಭಾಗ ಅದು, ಹಳೆಯ ಗಾಡಿ ಕೊಂಡ ಕೂಡಲೇ ಬದಲಿಸಿ. ಬೆಳಗ್ಗೆ ತಣ್ಣಗಿನ ಇಂಜಿನ್ ಶುರುವಾದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸು ಕಲ್ಲಿನಂತೆ ಬಿಗಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಇಂಜಿನ್ ಆಯಿಲ್ 15ಡಬ್ಲ್ಯು-40 ದಪ್ಪದ್ದು, ಗುಣಮಟ್ಟದಲ್ಲಿ ಸಿಐ-4 ದರ್ಜೆ. ಮಣ್ಣು ರಸ್ತೆ, ಘಾಟಿ, ಭಾರ ಮೂರೂ ಇದ್ದರೆ ನಾನು 7,500 ಕಿ.ಮೀ.ಗೆ ಬದಲಿಸುತ್ತೇನೆ. ಹಾಕಿದ ಮಾರನೆಯ ದಿನವೇ ಕಪ್ಪಾಗುವುದು ಡೀಸೆಲ್ಲಿನಲ್ಲಿ ಸಾಮಾನ್ಯ. ಹೆದರಬೇಕಾದದ್ದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದಾಗ, ಏಕೆಂದರೆ ಡೀಸೆಲೋ ಕೂಲಂಟೋ ಒಳಗೆ ಸೇರುತ್ತಿದೆ. ಏರ್ ಫಿಲ್ಟರನ್ನು ವಾರವಾರ ಕಂಪ್ರೆಸರಿನಲ್ಲಿ ಊದಿದರೆ ಕಾಗದ ಹರಿಯುತ್ತದೆ. ಊದುವುದಕ್ಕಿಂತ ಬದಲಿಸುವುದು ಒಳ್ಳೆಯದು. ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿದಾಗ ಧೂಳು ಅಂಟಿದರೆ ಎಲ್ಲೋ ಕ್ಲಿಪ್ ಸಡಿಲವಿದೆ.

ಗೇರ್‌ಬಾಕ್ಸಿಗೆ ಗಾಡಿಯ ಮ್ಯಾನ್ಯುಯಲ್ (ಕೈಪಿಡಿ) ಜಿಎಲ್-4 ದರ್ಜೆಯ ಆಯಿಲ್ ಹೇಳಿದ್ದರೆ ಡಿಫರೆನ್ಷಿಯಲ್ಲಿನ (ಹಿಂದಿನ ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆ) ಜಿಎಲ್-5 ಅಲ್ಲಿಗೆ ಸುರಿಯಬೇಡಿ, ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗಿಗೆ ಒಳ್ಳೆಯದಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ (ಕೂಡುವಲ್ಲಿನ ನಾಲ್ಕು ತೋಳಿನ ಕೀಲಿಗೆ) ಗ್ರೀಸ್ ಗನ್ ಹಿಡಿದಾಗ ನಾಲ್ಕೂ ಬಟ್ಟಲಿನ ಅಂಚಿನಿಂದ ಹಳೆಯ ಗ್ರೀಸ್ ಹೊರಬರಬೇಕು. ಒಂದರಲ್ಲಿ ಬರದಿದ್ದರೆ ಆ ಬಟ್ಟಲು ಒಣಗಿದೆ.

ಹೆಚ್ಚು ಭಾರಕ್ಕೆಂದು ಲೀಫ್ ಸ್ಪ್ರಿಂಗಿಗೆ ಪಟ್ಟಿ ಸೇರಿಸಿದ ಗಾಡಿಯನ್ನು ಕೊಳ್ಳುವಾಗ ಚಾಸಿಸ್ಸಿನ ಸ್ಪ್ರಿಂಗ್ ಬ್ರಾಕೆಟ್ ಸುತ್ತ ಬಿರುಕು, ಹಳೆಯ ವೆಲ್ಡಿಂಗ್ ಹುಡುಕಿ. ಪಟ್ಟಿ ಸೇರಿದರೆ ಬ್ರೇಕಾಗಲೀ ಬೇರಿಂಗಾಗಲೀ ದೊಡ್ಡದಾಗುವುದಿಲ್ಲ. ಹಿಂದಿನ ಆಕ್ಸಲ್ಲಿಗೆ ಕಡ್ಡಿ ಕಟ್ಟಿದ, ಭಾರ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ಇದ್ದರೆ ಅದರ ಲೆಕ್ಕವೂ ಹೊಸ ಪಟ್ಟಿಯಿಂದ ತಪ್ಪುತ್ತದೆ: ಹಿಂಭಾಗ ಕುಸಿಯದ ಕಾರಣ ಗಾಡಿ ಖಾಲಿ ಇದೆಯೆಂದು ಎಣಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಚಾರ್ಮಾಡಿ, ಆಗುಂಬೆ ಇಳಿಯುವ ಗಾಡಿಗೆ ಇದು ಪ್ರಾಣದ ಪ್ರಶ್ನೆ.

ಮಲ್ಪೆ, ಮಂಗಳೂರಿನ ಮೀನಿನ ಗಾಡಿಗಳಲ್ಲಿ ಕ್ರೇಟಿನಿಂದ ಸೋರುವ ಉಪ್ಪುನೀರು ಚಾಸಿಸ್ಸಿನ ಒಳಮಗ್ಗುಲಿಗೆ ಇಳಿಯುತ್ತದೆ. ಖಾಲಿ ಮಾಡಿದ ದಿನವೇ ಸಿಹಿನೀರಿನಲ್ಲಿ ಕೆಳಗಿನಿಂದ ತೊಳೆಯಬೇಕು, ಚಾಸಿಸ್ಸಿನ ನೀರು ಹೋಗುವ ತೂತುಗಳಿಗೆ ತಂತಿ ಆಡಿಸಬೇಕು. ಬ್ರೇಕ್ ಪೈಪು ಮೊದಲು ತುಕ್ಕು ಹಿಡಿಯುವುದು ಕ್ಲಿಪ್ಪಿನ ಅಡಿಯಲ್ಲಿ. ಕ್ಲಿಪ್ ಬಿಡಿಸಿ ನೋಡಿ, ಉಗುರಿಗೆ ಚಕ್ಕೆ ಎದ್ದರೆ ಆ ಪೈಪನ್ನು ತುದಿಯಿಂದ ತುದಿಗೆ ಬದಲಿಸಿ. ನಡುವೆ ತುಂಡು ಸೇರಿಸುವುದು ಬೇಡ. ಆಮೇಲೆ ಹೊಸ ಬ್ರೇಕ್ ಆಯಿಲ್ ಹಾಕಿ, ಬೇರೆ ಕ್ರಮ ಮ್ಯಾನ್ಯುಯಲ್ಲಿನಲ್ಲಿ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಗಾಳಿ ತೆಗೆಯಿರಿ.